ಎಡಗಡೆಯ ಗುಂಡಿ

ಜಾಹೀದಾ ಕುಪ್ಪೇಲೂರಿನ ಹುಡುಗಿ. ಪಿಯುಸಿವರೆಗೂ ಕನ್ನಡದಲ್ಲೇ ಓದಿ, ಈಗ ರಾಣೆಬೆನ್ನೂರಿನ ನಮ್ಮ ಓಣಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಬಿಸಿಎ ಮಾಡುತ್ತಿದ್ದಾಳೆ. ಮಧ್ಯಾಹ್ನ ನನ್ನ ಮಗಳು ಮಲಗಿದಳೆಂದರೆ ಸಾಕು, ಬಾಗಿಲಲ್ಲಿ ನಿಂತು "ಅಕ್ಕಾರ, ಕೂಸು ಮಲಗಿತೇನ್ರಿ?" ಎಂದು ಕೂಗಿ ಅದನ್ನು ಎಬ್ಬಿಸುವವಳೂ ಅವಳೇ.

ಹೋದ ನವೆಂಬರಿನಲ್ಲಿ ಒಂದು ದಿನ ಕೂಗದೆ ಬಂದಳು.

"ನಮ್ಮ ಕ್ಲಾಸಿನ ಮುತ್ತವ್ವನ ಫೈಲ್ ನುಂಗಿಬಿಟ್ಟೆ ಅಕ್ಕಾರ. ಪಾಪ, ಮೂರ ದಿನ ಕುಂತು ಮಾಡಿದ್ಲು."

"ಅದ್ಹೆಂಗ ನುಂಗಿದಿ?"

"ನಂದು ಸೇವ್ ಮಾಡೂ ಮುಂದ ಇಂಗ್ಲೀಷಿನಾಗ ಏನೋ ಒಂದು ಬಾಕ್ಸ್ ಬಂತು. ಎಡಗಡಿ ಗುಂಡಿ ಒತ್ತಿದೆ. ಅದ ಹೆಸರಿನ ಆಕಿ ಫೈಲ್ ಹೋಗಿ ಅಲ್ಲಿ ನಂದು ಕುಂತೈತಿ."

"ಏನ ಬರದಿತ್ತು ಅದರಾಗ?"

"ಅದನ್ನ ಯಾರ ಓದ್ತಾರ್ರಿ? ಬಾಕ್ಸ್ ಬಂದ್ರ ಎಡಗಡಿದು ಒತ್ತರಿ ಅಂತ ಸರ್ ಹೇಳ್ಯಾರ. ಇಡೀ ಕ್ಲಾಸ್ ಹಂಗ ಒತ್ತತೈತಿ."

ಇಂಗ್ಲಿಷ್ ಪಾಠವೂ ಇದೆಯಲ್ಲ ಎಂದೆ. ಪುಸ್ತಕ ತೆರೆದು ತೋರಿಸಿದಳು: ಲಂಡನ್ನಿನ ಹೋಟೆಲಿನಲ್ಲಿ ಚಹಾ ತರಿಸುವ ಸಂಭಾಷಣೆ.

"ಲಂಡನ್‌ದಾಗ ಚಾ ಕೇಳಾಕ ಬರ್ತೈತ್ರಿ ನನಗ. ಮುಂದಿರೋ ಕಂಪ್ಯೂಟರ್ ಏನ ಕೇಳತೈತಿ, ಅದಷ್ಟ ತಿಳಿಯಂಗಿಲ್ಲ."

ಪ್ರಾಕ್ಟಿಕಲ್ ಪರೀಕ್ಷೆಗೆ ಹದಿನೈದು ದಿನವಿತ್ತು. ಫೇಲಾದರೆ ಕಾಲೇಜು ಸಾಕು, ಊರಿನಲ್ಲಿ ಹೊಲಿಗೆ ಮಷೀನು ಕಾದಿದೆ ಎಂದು ಅವಳ ತಂದೆ ಇಸಾಕಸಾಬರು ಮೊದಲೇ ಹೇಳಿದ್ದರು.

ನಾನು ಬಿ.ಎ.ಯಲ್ಲಿ ಇಂಗ್ಲಿಷ್ ಓದಿದವಳು, ಕಂಪ್ಯೂಟರು ಮುಟ್ಟಿದವಳಲ್ಲ. ಕಂಡ ಬಾಕ್ಸನ್ನೆಲ್ಲ ಬರೆದುಕೊಂಡು ಬಾ ಎಂದೆ. ಇಪ್ಪತ್ತಮೂರು ತಂದಳು. ಅಡುಗೆಮನೆಯಲ್ಲೇ ಪಾಠ; ನಾನೇ ಕಂಪ್ಯೂಟರು. ಸಕ್ಕರೆ ಡಬ್ಬಿಗೆ ರವೆ ಸುರಿಯಲು ಅವಳು ಬಂದರೆ ಅಡ್ಡ ನಿಂತು ಇಂಗ್ಲಿಷಿನಲ್ಲಿ ಕೇಳುತ್ತಿದ್ದೆ: ಒಳಗಿದ್ದದ್ದನ್ನು ಚೆಲ್ಲಿ ಇದನ್ನು ತುಂಬಲೇ? ಮೊದಲ ದಿನ ರೂಢಿಯಂತೆ "ಯೆಸ್" ಎಂದಳು. ಕಂಪ್ಯೂಟರು ಮಾತಿಗೆ ತಪ್ಪಬಾರದೆಂದು ಒಂದು ಹಿಡಿ ಸಕ್ಕರೆ ಚೆಲ್ಲಿಯೇಬಿಟ್ಟೆ. ಎರಡು ದಿನ ಮನೆ ತುಂಬ ಇರುವೆ. ಮೂರನೆಯ ದಿನದಿಂದ ಅವಳು ಪೂರ್ತಿ ಕೇಳಿಸಿಕೊಂಡೇ ಉತ್ತರ ಕೊಡತೊಡಗಿದಳು.

ಪರೀಕ್ಷೆ ಮುಗಿಸಿ ಓಡುತ್ತಲೇ ಬಂದಳು. ಇನ್ನು ಹತ್ತು ನಿಮಿಷ ಇದ್ದಾಗ ಎಲ್ಲ ಕಂಪ್ಯೂಟರುಗಳಲ್ಲೂ ಒಂದು ಬಾಕ್ಸ್ ಬಂತಂತೆ. ನಮ್ಮ ಇಪ್ಪತ್ತಮೂರರಲ್ಲಿ ಇರದಿದ್ದ ಬಾಕ್ಸು!

"ಎಡಗಡಿದು ಒತ್ತವಾ, ಲಗೂ, ಅಂದ್ರು ಸರ್. ತಡ್ರಿ ಸರ್, ಅದೇನ ಕೇಳಾಕತ್ತೈತಿ ನೋಡೂಣು ಅಂದೆ. ಈಗ ಬಂದ್ ಮಾಡಿ ಮತ್ತ ಚಾಲೂ ಮಾಡ್ಲೋ, ಆಮ್ಯಾಲ ಮಾಡ್ಲೋ ಅಂತಿತ್ರಿ. ಆಮ್ಯಾಲ ಅನ್ನೋದು ಬಲಗಡೀಗಿತ್ತು!"

ಉಳಿದ ಹನ್ನೊಂದು ಪರದೆಗಳೂ ಕಪ್ಪಾದವಂತೆ. ಪಾಪ, ಅವರಿಗೆಲ್ಲ ಮರುದಿನ ಮತ್ತೆ ಪರೀಕ್ಷೆ.

ನಿನ್ನೆ ಫಲಿತಾಂಶ ಬಂತು, ಜಾಹೀದಾ ಪಾಸು. ಇಸಾಕಸಾಬರು ಪೇಢೆ ತಂದು ನಮ್ಮ ಅಡುಗೆಮನೆಯ ಬಾಗಿಲಲ್ಲೇ ಕುಳಿತು, "ಹೊಲಿಗಿ ಮಷೀನು ನಿಮ್ಮ ಅಮ್ಮೀನೇ ತುಳಕೊಳ್ಳಲಿ ಬಿಡು," ಎಂದು ಮಗಳಿಗೆ ಹೇಳಿದರು. ಆಮೇಲೆ ಕಿಸೆಯಿಂದ ಹೊಸ ಮೊಬೈಲು ತೆಗೆದರು. "ಇದೊಂದು ಮುಂಜಾನಿಂದ ಏನೋ ಕೇಳಾಕತ್ತೈತಿ. ಎಡಗಡಿದು ಒತ್ತಲೇನವಾ?"

"ಮೊದಲ ಓದ್ರಿ, ಅಬ್ಬಾ!"

"ನನಗೆಲ್ಲಿ ಇಂಗ್ಲೀಷ್ ಬರ್ತೈತಿ?"

ಜಾಹೀದಾ ಸಕ್ಕರೆ ಡಬ್ಬಿಯ ಕಡೆ ನೋಡಿದಳು. ನಾನು ಅದನ್ನೆತ್ತಿ ಮೇಲಿನ ಹಲಗೆಗೆ ಇಟ್ಟೆ.