ಶುಕ್ರನ ನೆಲಕ್ಕೊಂದು ಚಿಕ್ಕ ಪ್ಯಾರಾಚೂಟು

ಅನ್ಯಗ್ರಹದ ನೆಲ ಮುಟ್ಟುವ ಸಾಹಸದಲ್ಲಿ ನೌಕೆಯನ್ನು ಹಾರಿಸಿದವರ ಹೆಸರು ಮೊದಲು ಬರುತ್ತದೆ. ಇಳಿಸಿದವರ ಹೆಸರು ಬರುವಷ್ಟರಲ್ಲಿ ಚಪ್ಪಾಳೆ ಮುಗಿದಿರುತ್ತದೆ. ಮಾಸ್ಕೋ ಬಳಿಯ ನಮ್ಮ ಕಾರ್ಯಾಗಾರದಿಂದ ಈ ವಸಂತದಲ್ಲಿ ನಿವೃತ್ತರಾಗುತ್ತಿರುವ ಮಾನ್ಯ ರಿಮ್ಮಾ ಅರ್ಕಾದ್ಯೆವ್ನಾ ಅವರು ಇಳಿಸುವವರ ಸಾಲಿನಲ್ಲಿ ಹಿರಿಯರು.

ಜವಳಿ ತಂತ್ರಜ್ಞಾನ ಓದಿ ಅವರು ಪ್ಯಾರಾಚೂಟು ವಿಭಾಗಕ್ಕೆ ಬಂದಾಗ, ಶುಕ್ರಗ್ರಹಕ್ಕೆ ಕಳಿಸಿದ ನೌಕೆಗಳು ದಾರಿಯಲ್ಲೇ ಮೂಕವಾಗುತ್ತಿದ್ದವು, ಇಲ್ಲವೇ ನೆಲ ಸೇರುವ ಮೊದಲೇ ಅಲ್ಲಿನ ಗಾಳಿಯ ಶಾಖ, ಒತ್ತಡಗಳಿಗೆ ನಜ್ಜುಗುಜ್ಜಾಗುತ್ತಿದ್ದವು. ಉಳಿದವರು ಕವಚವನ್ನು ದಪ್ಪ ಮಾಡಿದರು. ಪ್ಯಾರಾಚೂಟನ್ನೇ ಚಿಕ್ಕದು ಮಾಡೋಣ, ಬೇಯುವ ಮೊದಲೇ ನೌಕೆ ನೆಲ ಸೇರಲಿ ಎಂದರು ರಿಮ್ಮಾ.

"ಬೇಗ ಇಳಿಯೋದಕ್ಕೂ ದೊಪ್ಪಂತ ಬೀಳೋದಕ್ಕೂ ಎಷ್ಟು ವ್ಯತ್ಯಾಸ ರೀ?" ಎಂದು ಕೇಳಿದರು ಮುಖ್ಯಸ್ಥ ಗ್ಲೆಬ್ ಸವ್ವಿಚ್.

"ನನಗೂ ಅದೇ ಭಯ. ಆದ್ರೆ ನಿಧಾನಕ್ಕೆ ಇಳಿದಿದ್ದರ ಗತಿ ನೋಡಿದೀವಲ್ಲ."

ಆ ಚಿಕ್ಕ ಪ್ಯಾರಾಚೂಟು ಹೊತ್ತ ನೌಕೆ ಶುಕ್ರನಲ್ಲಿ ಇಳಿಯುವ ದಿನ ಕ್ರಿಮಿಯಾದ ಸಂಕೇತ ಕೇಂದ್ರದಲ್ಲಿ ರಿಮ್ಮಾ ಕುರ್ಚಿಯ ತುದಿಯಲ್ಲಿ ಕುಳಿತಿದ್ದರು. ಸಂಕೇತ ಸರಾಗವಾಗಿ ಬರುತ್ತಿತ್ತು. ಇದ್ದಕ್ಕಿದ್ದಂತೆ ನೌಕೆಯ ವೇಗ ನೆಗೆಯಿತು. "ಪ್ಯಾರಾಚೂಟು ಹರೀತು," ಎಂದರು ಅವರು, ತಮಗಷ್ಟೇ ಕೇಳುವಂತೆ. ಬಳಿಕ ಸಂಕೇತ ನಿಂತೇಹೋಯಿತು. ಯಾರೂ ಅವರ ಮುಖ ನೋಡಲಿಲ್ಲ.

ತನಿಖೆಗೆಂದು ಕಾರ್ಯಾಗಾರಕ್ಕೆ ಬಂದ ಅಧಿಕಾರಿಯ ಮೊದಲ ಪ್ರಶ್ನೆ, "ಹೊಲಿದೋರು ಯಾರು?" ಬಾಣಂತನ ಮುಗಿಸಿ ಮರಳಿದೊಡನೆ ಆ ಪ್ಯಾರಾಚೂಟನ್ನು ಹೊಲಿದಿದ್ದ ತಮೀಲಾ ಬಾಗಿಲ ಬಳಿ ಬಿಳಿಚಿಕೊಂಡು ನಿಂತಿದ್ದಳು. ರಿಮ್ಮಾ ಎದ್ದು ನಿಂತರು.

"ಹೊಲಿಗೆ ಬಿಡ್ತೋ ಇಲ್ವೋ, ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಬಟ್ಟೆ ಬಿದ್ದಿರೋದು ಶುಕ್ರನ ಮೇಲೆ. ಅಳತೆ ನಂದು, ಬಟ್ಟೆ ಆರಿಸಿದ್ದೂ ನಾನೇ. ಬರೆಯೋದಿದ್ರೆ ನನ್ನ ಹೆಸರು ಬರ್ಕೊಳ್ಳಿ."

ಬರೆದುಕೊಂಡರು. ಕೆಲಸದಿಂದ ದೂರವಿಟ್ಟರು. ಮನೆಯಲ್ಲಿ ಫೋನು ಹೊಡೆದುಕೊಂಡಾಗಲೆಲ್ಲ ಇನ್ನೇನು ಕಾದಿದೆಯೋ ಎಂದುಕೊಂಡೇ ಎತ್ತುತ್ತಿದ್ದರು. ಒಂದು ಬೆಳಿಗ್ಗೆ ಕರೆ ಬಂದದ್ದು ಕ್ರಿಮಿಯಾದಿಂದ. ಸಂಕೇತ ವಿಭಾಗದ ರಾದಿ, ಬರಿ ಗೊರಗೊರ ಎಂದು ಎಲ್ಲರೂ ಕೈಬಿಟ್ಟಿದ್ದ ಧ್ವನಿಸುರುಳಿಯನ್ನು ಮತ್ತೆ ಸೋಸಿ ಕೇಳಿದ್ದರು.

"ನೌಕೆ ಚೂರಾಗಿಲ್ಲ ರೀ ರಿಮ್ಮಾ! ಮಗ್ಗುಲಾಗಿ ಬಿದ್ದಿರಬೇಕು, ಪಿಸುಗುಟ್ಟಿದೆ. ಶಾಖ ಏರ್ತಾ ಇಲ್ಲ, ಅಂದ್ರೆ ಕೆಳಕ್ಕೆ ಇಳೀತಾ ಇಲ್ಲ. ನೆಲದ ಮೇಲಿಂದ ಮಾತಾಡಿದೆ!"

ರಿಮ್ಮಾ ಕೇಳಿದ್ದು ಒಂದೇ ಮಾತು: "ಹರಿದಿದ್ದು ಯಾಕೆ ಅಂತ ಗೊತ್ತಾಯ್ತಾ?"

ಎಲ್ಲರೂ ಲೋಟಕ್ಕೆ ಕೊನ್ಯಾಕ್ ಬ್ರಾಂದಿ ಸುರಿದುಕೊಂಡು ಸಂಭ್ರಮಿಸುತ್ತಿದ್ದ ದಿನ, ಮರಳಿ ಕೆಲಸಕ್ಕೆ ಬಂದ ಅವರು ತಮೀಲಾಳನ್ನು ಕರೆದುಕೊಂಡು ಕುಲುಮೆಯ ಕೋಣೆಗೆ ಹೋಗಿ, ಬಗೆಬಗೆಯ ಬಟ್ಟೆಗಳನ್ನು ಕಾಯಿಸಿ, ಜಗ್ಗಿ, ಹರಿದು ನೋಡತೊಡಗಿದರು. ಮುಂದಿನ ನೌಕೆಯ ಪ್ಯಾರಾಚೂಟು ಹರಿಯಲಿಲ್ಲ. ತಮೀಲಾ ಇಂದು ಹೊಲಿಗೆ ವಿಭಾಗದ ಮುಖ್ಯಸ್ಥೆ.

ಪೂಜ್ಯ ರಿಮ್ಮಾ ಅವರು ನೂರು ವಸಂತಗಳನ್ನು ಕಾಣಲಿ, ಹೊಸ ಬಟ್ಟೆ ಬಂದಾಗಲೆಲ್ಲ "ಇದನ್ನ ಸುಟ್ಟು ನೋಡಿದ್ರಾ?" ಎಂದು ಗದರುತ್ತ ನಮ್ಮ ಬಾಗಿಲಿಗೆ ಬರುತ್ತಲೇ ಇರಲಿ.