ಚಿಕ್ಕಪ್ಪನ ಮೋಟಾರು ಪಂದ್ಯ

ಶೇಕದಾರರು ಬಂದರೆ ಒಂದು ಮೊಣಕಾಲು ಮೇಲೇಳುತ್ತಿತ್ತು. ಅಮಲ್ದಾರರು ಬಂದರೆ ಇಡೀ ದೇಹ ಎದ್ದು, ಹೆಗಲ ಮೇಲಿನ ವಲ್ಲಿ ಸೊಂಟಕ್ಕೆ ಇಳಿಯುತ್ತಿತ್ತು. ಶಾಲೆಯ ಮೇಷ್ಟ್ರಿಗೆ ಹುಬ್ಬು ಮಾತ್ರ. ನಂಜನಗೂಡಿನ ಅಂಗಡಿ ಬೀದಿಯ ನಮ್ಮ ಮನೆಯ ಜಗಲಿಯಲ್ಲಿ ಕೂತು ಚಿಕ್ಕಪ್ಪ ಸದಾಶಿವಪ್ಪನವರು ಜಗತ್ತನ್ನು ಹೀಗೆ ಅಳೆಯುತ್ತಿದ್ದರು. ಅವರು ಅಕ್ಕಿ ಮಂಡಿಯ ಸಾಹುಕಾರರು, ಮುನ್ಸಿಪಾಲಿಟಿಯ ಸದಸ್ಯರು. ಮದುವೆ ಮನೆಯಲ್ಲಿ ತಾಂಬೂಲ ಯಾರಿಗೆ ಮೊದಲು, ಯಾರಿಗೆ ಆಮೇಲೆ ಎಂಬುದರಲ್ಲಿ ಅವರ ತೀರ್ಪೇ ಕೊನೆಯದು. ಬೇರೆ ಯಾವ ವಿಷಯದಲ್ಲೂ ಅವರಿಗೆ ತಿಳಿವಳಿಕೆ ಇದ್ದದ್ದನ್ನು ನಾನು ಕಾಣೆ.

ಅಪ್ಪ ತೀರಿಕೊಂಡ ಮೇಲೆ ಮನೆಗೆ ಅವರೇ ಹಿರಿಯರು. ನಾನು ಮೈಸೂರಿನಲ್ಲಿ ಬಿ.ಎ. ಮುಗಿಸಿ ಬಂದಾಗ ತಿರುಮಕೂಡಲು ನರಸೀಪುರದ ಹೆಣ್ಣುಮಕ್ಕಳ ಶಾಲೆಯಿಂದ ಕೆಲಸಕ್ಕೆ ಕರೆ ಬಂತು. ಮದುವೆಯಾಗದ ಹುಡುಗಿ ಬೇರೆ ಊರಲ್ಲಿ ಇರುವುದಕ್ಕೆ ಚಿಕ್ಕಪ್ಪ ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಆಗ ಅವರ ತಲೆಯಲ್ಲಿ ತುಂಬಿದ್ದು ಮೋಟಾರು ಪಂದ್ಯ. ಯಾವುದೋ ಸೀಮೆಯ ಊರಿನ ಬೀದಿಯಲ್ಲಿ ಮೋಟಾರುಗಳು ಓಡುವ ಚಿತ್ರವನ್ನು ಪತ್ರಿಕೆಯಲ್ಲಿ ನೋಡಿದ್ದರು. ಅಂಥದ್ದನ್ನು ನಂಜನಗೂಡಿನಲ್ಲೂ ನಡೆಸಿ, ಮೈಸೂರಿನ ದೊಡ್ಡ ಅಧಿಕಾರಿಯೊಬ್ಬರನ್ನು ಕರೆಸಿ, ಮುನ್ಸಿಪಾಲಿಟಿಯ ಅಧ್ಯಕ್ಷರಾಗುವ ದಾರಿ ಮಾಡಿಕೊಳ್ಳಬೇಕೆಂಬುದು ಅವರ ಆಸೆ.

ಪಂದ್ಯದ ಹಾದಿಯನ್ನು ಅವರೇ ಗೊತ್ತುಮಾಡಿದರು. ಯಾವ ಗಣ್ಯರ ಮನೆಯೂ ಬಿಟ್ಟುಹೋಗಬಾರದೆಂದು ಊರಿನ ಸಂದಿಗೊಂದಿಗಳೆಲ್ಲ ಸೇರಿದವು. ವಕೀಲರ ಮನೆಗಾಗಿ ಒಂದು ತಿರುವು, ವಕೀಲರ ಬೀಗರ ಮನೆಗಾಗಿ ಇನ್ನೊಂದು. ಎರಡು ಮೋಟಾರು ಅಕ್ಕಪಕ್ಕ ಹೋಗುವಷ್ಟು ಅಗಲವಿದ್ದದ್ದು ದೇವಸ್ಥಾನದ ಮುಂದಿನ ಬೀದಿ ಒಂದೇ. ಅದರ ಅರ್ಧ ನುಂಗುವಂತೆ ಗಣ್ಯರಿಗೆ ಚಪ್ಪರ ಹಾಕಿಸಿದರು. ಗಾಡಿಗಳು ನಿಲ್ಲುವ ಸಾಲು ಅಂತಸ್ತಿನ ಪ್ರಕಾರ. ಎಲ್ಲಕ್ಕೂ ಮುಂದೆ ಜಹಗೀರುದಾರರ ಗಾಡಿ, ಎಲ್ಲಕ್ಕೂ ಹಿಂದೆ ಮೋಟಾರು ರಿಪೇರಿಯ ಮಾದಯ್ಯ.

ಹೀಗಾದರೆ ಮೊದಲು ಹೊರಟವರೇ ಮೊದಲು ಬರುತ್ತಾರೆ, ನೋಡುವುದಕ್ಕೆ ಏನೂ ಇರುವುದಿಲ್ಲ ಎಂದು ನಾನು ಹೇಳಿದೆ. ಚಿಕ್ಕಪ್ಪ ನನ್ನನ್ನು ಕನಿಕರದಿಂದ ನೋಡಿದರು.

“ಹಂಗೇ ಅಲ್ವೇನವ್ವ ಆಗ್ಬೇಕಾದ್ದು? ಹಿಂದಿದ್ದೋನು ಮುಂದಕ್ಕೋದ್ರೆ ಮುಂದಿದ್ದೋರ ಮರ್ವಾದೆ ಏನಾಯ್ತದೆ?”

ಆಮೇಲೆ ನನ್ನ ಪಾಲಿನ ಕೆಲಸ ಹೇಳಿದರು. ಅಧಿಕಾರಿಯ ಹೆಂಡತಿಯ ಪಕ್ಕದಲ್ಲಿ ಕೂತು ಪಂದ್ಯವನ್ನು ಹೊಗಳುತ್ತಿರಬೇಕು. “ಬರೋ ವರ್ಸವೂ ನಡೀಲಿ ಅಂತ ಅವ್ರ ಬಾಯಲ್ಲಿ ಬಂದ್ರೆ ನೀನು ನರಸೀಪುರಕ್ಕೆ ಹೊರಡು. ಇಲ್ದಿದ್ರೆ ಆ ಮಾತೇ ಬ್ಯಾಡ.”

ಪಂದ್ಯದ ದಿನ ಮೊದಲ ಸುತ್ತಿಗೆ ಜನ ಮಾಳಿಗೆಗಳ ಮೇಲೆ ಹತ್ತಿ ನಿಂತಿದ್ದರು. ಐದು ಗಾಡಿಗಳು ಒಂದರ ಹಿಂದೊಂದು ಬಂದವು, ಹೋದವು. ಧೂಳು ಉಳಿಯಿತು. ಬಹಳ ಹೊತ್ತಿನ ಮೇಲೆ ಅವೇ ಐದು ಅದೇ ಸಾಲಿನಲ್ಲಿ ಮತ್ತೆ ಬಂದವು. ತಿರುವು ಬಂದಲ್ಲೆಲ್ಲ ಮುಂದಿನ ಗಾಡಿ ನಿಧಾನವಾಗುವುದು, ಹಿಂದಿನವು ಅದರ ಬೆನ್ನಿಗೆ ಹಾರನ್ನು ಒತ್ತುತ್ತಾ ಕಾಯುವುದು, ಇಷ್ಟೇ ಆಟ. ಮೂರನೆಯ ಸುತ್ತಿಗೆ ಮಾಳಿಗೆಗಳು ಖಾಲಿ. ಚಪ್ಪರದ ಕಂಬಕ್ಕೆ ಒರಗಿ ನಿಂತಿದ್ದ ಹೂವಿನ ಮುದುಕಿ ಪಕ್ಕದವನಿಗೆ, “ಅಲ್ಲ ಕಣ್ಲಾ, ಮೆರವಣಿಗೆ ಅಂದ್ಮೇಲೆ ವಾಲಗದೋರ್ನೂ ಕರುಸ್ಬೇಕಿತ್ತು” ಎಂದಳು.

ನಾಲ್ಕನೆಯ ಸುತ್ತಿನಲ್ಲಿ ಒಂದು ಗಳಿಗೆ ಜೀವ ಬಂತು. ಮಾದಯ್ಯ ಚಪ್ಪರದ ಕಂಬಕ್ಕೆ ಒರಸುವ ಹಾಗೆ ಗಾಡಿಯನ್ನು ಪಕ್ಕಕ್ಕೆ ಎಳೆದು ಮುಂದಿನವನನ್ನು ದಾಟಲು ನುಗ್ಗಿದ. ಜನ ಎದ್ದು ನಿಂತರು. ನಾನೂ ಎದ್ದೆ. ಅಷ್ಟರಲ್ಲಿ ಚಿಕ್ಕಪ್ಪ ಕೊಡೆ ಚಾಚಿಕೊಂಡು ಬೀದಿಗಿಳಿದರು.

“ಲೇ ಮಾದ, ಮುಂದಿರೋದು ಯಾರ ಗಾಡಿ ಗೊತ್ತೇನ್ಲಾ?”

ಮಾದಯ್ಯ ಬ್ರೇಕು ಒತ್ತಿದ. “ಗೊತ್ತು ಬುದ್ಧಿ. ಅದ್ಕೇ ಬೇಗ ದಾಟ್ಬುಡವ ಅಂದ್ಕಂಡೆ” ಎಂದವನೇ ಗಾಡಿ ತಿರುಗಿಸಿಕೊಂಡು ಮನೆಗೆ ಹೋದ.

ಉಳಿದ ನಾಲ್ಕು ಗಾಡಿಗಳು ಮರ್ಯಾದೆಯಿಂದ ಸುತ್ತುತ್ತಲೇ ಇದ್ದವು. ಮೈಸೂರಿನ ಅಧಿಕಾರಿಗಳು ಚಪ್ಪರದಲ್ಲೇ ನಿದ್ದೆ ಹೋಗಿದ್ದರು. ನನ್ನ ಪಕ್ಕದಲ್ಲಿದ್ದ ಅವರ ಹೆಂಡತಿ ಬೀಸಣಿಗೆ ನಿಲ್ಲಿಸಿ, ಇನ್ನುಳಿದ ಸುತ್ತುಗಳಲ್ಲಿ ಏನಾದರೂ ಬೇರೆಯಾಗುತ್ತದೆಯೇ ಎಂದು ನನ್ನನ್ನು ಕೇಳಿದರು. ಹಿಂದೆಯೇ ಚಿಕ್ಕಪ್ಪ ಹಲ್ಲು ಕಿರಿದು ನಿಂತಿದ್ದರು. ಒಂದು ಸುಳ್ಳು ಹೇಳಿದ್ದರೆ ನನಗೆ ನರಸೀಪುರಕ್ಕೆ ಹೋಗಲು ಒಪ್ಪಿಗೆ ಸಿಕ್ಕುತ್ತಿತ್ತು.

“ಇಲ್ಲ ಅಮ್ಮ. ಗಾಡಿಗಳನ್ನು ಸಾಲಾಗಿ ನಿಲ್ಲಿಸಿದಾಗಲೇ ಪಂದ್ಯ ಮುಗಿಯಿತು” ಎಂದೆ.

ಅವರು ನಕ್ಕು ಗಂಡನನ್ನು ಎಬ್ಬಿಸಿದರು. ಕೊನೆಯ ಸುತ್ತಿಗೆ ಮೊದಲೇ ಇಬ್ಬರೂ ಹೊರಟುಹೋದರು.

ಸಂಜೆ ಚಿಕ್ಕಪ್ಪ ಗದರಲಿಲ್ಲ. ಮೀಸೆಯ ಧೂಳನ್ನೂ ಒರೆಸಿಕೊಳ್ಳದೆ ಕೂತಿದ್ದರು. “ಓದ್ದೋಳು ಅಂತ ನಿನ್ನ ದೊಡ್ಡೋರ ಸಮಕ್ಕೆ ಕೂರ್ಸಿದ್ನಲ್ಲ, ನಂದೇ ತಪ್ಪು. ಇನ್ ನರಸೀಪುರದ ಮಾತೆತ್ತಬ್ಯಾಡ” ಎಂದರು. ಪಂದ್ಯ ಯಾಕೆ ಕೆಟ್ಟಿತೆಂದು ಅವರಿಗೆ ಆಗಲೂ ಹೊಳೆದಿರಲಿಲ್ಲ. ನಾನು ಒಳಗೆ ಹೋದೆ. ಅವರನ್ನು ಕಂಡದ್ದು ಅದೇ ಕೊನೆ. ಹೋದ ವರ್ಷ ತೀರಿಕೊಂಡರು, ಅಧ್ಯಕ್ಷರಾಗದೆಯೇ.

ಪಂದ್ಯದ ಮರುದಿನ ಬೆಳಿಗ್ಗೆ ಚಿಕ್ಕಪ್ಪ ಹೊಳೆಗೆ ಸ್ನಾನಕ್ಕೆ ಹೋಗಿದ್ದಾಗ ಅವ್ವನಿಗೆ ಹೇಳಿ, ಟ್ರಂಕು ಹಿಡಿದು ನರಸೀಪುರದ ಮೋಟಾರು ಹತ್ತಿದೆ. ಶಾಲೆಯಲ್ಲಿ ಆ ಊರಿನ ಅಮಲ್ದಾರರ ಮಗಳು, ಉದ್ದನೆಯ ಹುಡುಗಿ, ಮೊದಲ ಬೆಂಚಿನಲ್ಲಿದ್ದಳು. ಅವಳ ಬೆನ್ನ ಹಿಂದೆ ಕುಂಬಾರರ ಪುಟ್ಟ ಹುಡುಗಿಯೊಬ್ಬಳು ಕರಿಹಲಗೆ ಕಾಣದೆ ಕತ್ತು ನೀಡುತ್ತಿದ್ದಳು. ಎಲ್ಲರನ್ನೂ ಎಬ್ಬಿಸಿ, ಗಿಡ್ಡವರನ್ನು ಮುಂದೆ, ಉದ್ದದವರನ್ನು ಹಿಂದೆ ಕೂರಿಸಿ, ಪಾಠ ಶುರುಮಾಡಿದೆ.