ಜೋಡಿ ಹತ್ತಬಾರದ ಬುರುಜು

ನನ್ನ ಭಾವ ಗೈಡು. ನಮ್ಮದು ಹಳೇ ನಗರ, ಎಡವಿ ಬಿದ್ದರೆ ಸ್ಮಾರಕದ ಮೇಲೇ ಬೀಳಬೇಕು. ಬೀಳುವವರನ್ನು ಸರಿಯಾದ ಜಾಗಕ್ಕೆ ಕರೆತಂದು ಬೀಳಿಸುವುದು ಭಾವನ ಉದ್ಯೋಗ. ‘ಖಾಸಗಿ ಅರ್ಧ ದಿನದ ಪ್ರವಾಸ’ ಎಂದು ಅವರ ಕಾರಿನ ಗಾಜಿನ ಮೇಲೆ ಬರೆದಿದೆ. ಒಂದು ಕಾರು, ಒಂದೇ ಮನೆಯ ಅತಿಥಿಗಳು. ಬೆಳಿಗ್ಗೆ ಉತ್ತರದ ಹೆಬ್ಬಾಗಿಲಲ್ಲಿ ಶುರು. ಅಲ್ಲಿಂದ ಹಳೇ ಸ್ನಾನಗೃಹ, ಬಟ್ಟೆ ಪೇಟೆಯ ಕಮಾನುಗಳು, ಬತ್ತಿದ ಬಾವಿ ಎಲ್ಲ ಮುಗಿಸಿ ಮಧ್ಯಾಹ್ನದ ಹೊತ್ತಿಗೆ ಚೌಕದ ಕಾವಲು ಬುರುಜಿನ ಬುಡಕ್ಕೆ ಬಂದು ನಿಲ್ಲುತ್ತಾರೆ. ಹಾಗಾಗಿ ಊರಿನವರ ಬಾಯಲ್ಲಿ ಅವರ ಹೆಸರೇ ‘ಅರ್ಧ ದಿನ’. ಉಳಿದರ್ಧ ದಿನ ಏನು ಮಾಡುತ್ತಾರೆ ಎಂದು ಯಾರಾದರೂ ಕೇಳಿದರೆ ನನ್ನ ಅಕ್ಕ, "ಬೆಳಿಗ್ಗೆ ಹೇಳಿದ ಸುಳ್ಳಿನ ಸುಸ್ತು ಕಳೀತಾರೆ" ಎನ್ನುತ್ತಾಳೆ.

ಆ ಬುರುಜಿನ ಟಿಕೆಟ್ ಕಿಟಕಿಯ ಹಿಂದೆ ಕೂರುವವನು ನಾನು. ಹಾಗಾಗಿ ಭಾವ ಬಿಡುವ ಬುರುಡೆಗಳಲ್ಲಿ ಕೊನೆಯದ್ದು ದಿನಾ ನನ್ನ ಕಿವಿಗೇ ಬೀಳುತ್ತದೆ.

ಅವರ ಕೆಲಸ ನೋಡಲು ಚೆಂದ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಅತಿಥಿಗಳ ಮುಂದೆ ಅವರು ಹಿಮ್ಮುಖವಾಗಿ ನಡೆಯುತ್ತಾರೆ. ಬೆನ್ನು ತೋರಿಸಿದರೆ ಜನ ಫೋನು ತೆಗೆದುಬಿಡುತ್ತಾರಂತೆ. ಗುಂಡಿ, ಮೆಟ್ಟಿಲು, ಮಲಗಿದ ನಾಯಿ ಯಾವುದಕ್ಕೂ ತಿರುಗಿ ನೋಡುವುದಿಲ್ಲ. ಕಾಲಿಗೇ ಎಲ್ಲ ಗೊತ್ತು. ಕೈಯಲ್ಲೊಂದು ಕಪ್ಪು ಕೊಡೆ. ಅದನ್ನು ಎತ್ತಿ ಹಿಡಿಯುತ್ತಾರೆಯೇ ಹೊರತು ಬಿಚ್ಚುವುದಿಲ್ಲ. ಮಳೆ ಬಂದರೂ ಮಡಚಿದ ಕೊಡೆ ಎತ್ತಿಕೊಂಡು ತೊಪ್ಪೆಯಾಗುತ್ತಾರೆ. "ಬಿಚ್ಚಿದ್ರೆ ಅದು ಕೊಡೆ ಕಣೋ ಬಾಮೈದ, ಮಡಚಿದ್ರೆ ಧ್ವಜ" ಎಂದು ನನಗೇ ಪಾಠ. ಇನ್ನು ಕಥೆಗಳೋ, ಅತಿಥಿಯ ಮುಖ ನೋಡಿ ಅಳೆದು ಹೊಲಿದ ಅಂಗಿಗಳು. ದಪ್ಪಗಿರುವವರು ಬಂದರೆ ಬತ್ತಿದ ಬಾವಿಯಲ್ಲಿ ಬಿದ್ದವನು ಅರಮನೆಯ ಅಡುಗೆಯವ. ಕನ್ನಡಕದವರು ಬಂದರೆ ಅದೇ ಬಾವಿಯಲ್ಲಿ ಬಿದ್ದವನು ಆಸ್ಥಾನದ ಪಂಡಿತ. ಬಾವಿಗೆ ಬಿದ್ದವರು ಯಾರೂ ಇಲ್ಲ, ಬಿದ್ದದ್ದು ಒಂದು ಆಡು ಮಾತ್ರ, ಅದೂ ನಾನು ಶಾಲೆಯಲ್ಲಿದ್ದಾಗ.

ಆದರೆ ಬುರುಜಿನ ಬಗ್ಗೆ ಭಾವ ಹೇಳುವ ಒಂದು ಸಂಗತಿ ಅಪ್ಪಟ ನಿಜ. ಅದನ್ನು ಕಟ್ಟಿದವರು ಸುರುಳಿ ಮೆಟ್ಟಿಲಿನ ಕೊಳವೆಯನ್ನು ಹೇಗೆ ಮಾಡಿದ್ದಾರೆಂದರೆ, ತುದಿಯಲ್ಲಿ ನಿಂತ ಕಾವಲಿನವ ಪಿಸುಗುಟ್ಟಿದರೂ ಕೆಳಗಿನ ಬಾಗಿಲಲ್ಲಿ ಮಾತು ಸ್ಪಷ್ಟವಾಗಿ ಬಂದು ಬೀಳುತ್ತದೆ. ಕೂಗಿದರಂತೂ ಇಡೀ ಚೌಕಕ್ಕೆ ಕೇಳುತ್ತದೆ. ಕೆಳಗಿನ ಮಾತು ಮೇಲಕ್ಕೂ ಹಾಗೇ. ಭಾವ ಇದನ್ನು ದಿನಾ ಕೊಡೆಯ ತುದಿಯಿಂದ ತೋರಿಸಿ ವಿವರಿಸುತ್ತಾರೆ. ಇದನ್ನು ನೆನಪಿಟ್ಟುಕೊಳ್ಳಿ, ಯಾಕೆಂದರೆ ಭಾವ ನೆನಪಿಟ್ಟುಕೊಳ್ಳಲಿಲ್ಲ.

ಎರಡು ಮಳೆಗಾಲದ ಹಿಂದಿನ ಮಾತು. ಹೊಸದಾಗಿ ಮದುವೆಯಾದ ಜೋಡಿಯೊಂದನ್ನು ಭಾವ ಕರೆತಂದಿದ್ದರು. ಹುಡುಗಿ ಮೆಟ್ಟಿಲ ಮೇಲೆ ಕಾಲಿಟ್ಟೂ ಆಗಿತ್ತು. ಭಾವ ಇದ್ದಕ್ಕಿದ್ದಂತೆ ಕೊಡೆ ಅಡ್ಡ ಹಿಡಿದು, ದನಿ ತಗ್ಗಿಸಿ, "ಗಂಡ ಹೆಂಡ್ತಿ ಜೊತೇಲಿ ಹತ್ತೋ ಹಾಗಿಲ್ಲಮ್ಮ" ಎಂದರು. ಹಿಂದೆ ಒಬ್ಬ ರಾಜ, ಒಬ್ಬಳು ರಾಣಿ ಇದರ ತುದಿಯಲ್ಲಿ ಜಗಳವಾಡಿದರಂತೆ. ರಾಜ ಅವಳ ಚಪ್ಪಲಿ ಕೆಳಕ್ಕೆಸೆದನಂತೆ, ಅವಳು ಅವನ ಕಿರೀಟ ಎಸೆದಳಂತೆ. ಅಂದಿನಿಂದ ಇದನ್ನು ಹತ್ತಿದ ಯಾವ ಜೋಡಿಯೂ ಜಗಳವಾಡದೆ ಇಳಿದಿಲ್ಲವಂತೆ. ಹುಡುಗಿ ಕಾಲು ಹಿಂದಕ್ಕೆ ತೆಗೆದುಕೊಂಡಳು. ಕಿಟಕಿಯ ಹಿಂದೆ ನಾನು ಬಾಯಿ ಬಿಟ್ಟುಕೊಂಡು ಕೂತಿದ್ದೆ. ಕಾಗೆ ಹಾರಿಸುವುದರಲ್ಲಿ ಭಾವ ನಿಪುಣರು ಎಂದು ಗೊತ್ತಿತ್ತು; ಹದ್ದು ಹಾರಿಸಿದ್ದನ್ನು ಅವತ್ತೇ ನೋಡಿದ್ದು.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಬೇರೆ ಗೈಡುಗಳಿಗೂ ಆ ಕಡಿದಾದ ಮೆಟ್ಟಿಲು ಹತ್ತುವುದೆಂದರೆ ಪ್ರಾಣಸಂಕಟ, ಕಥೆಯನ್ನು ಎರಡೂ ಕೈಯಲ್ಲಿ ಬಾಚಿಕೊಂಡರು. ನಕ್ಷೆ ಮಾರುವವನು ನಕ್ಷೆಯಲ್ಲಿ ಬುರುಜಿನ ಪಕ್ಕ ಒಡೆದ ಹೃದಯ ಅಚ್ಚು ಹಾಕಿಸಿದ. ಎಲ್ಲರಿಗಿಂತ ಗಟ್ಟಿಯಾಗಿ ನಂಬಿದವಳು ನನ್ನ ಅಕ್ಕ. ಚೌಕದ ಹಿಂದಿನ ಓಣಿಯಲ್ಲಿ ಅವಳದು ಪರದೆ ಹೊಲಿಯುವ ಅಂಗಡಿ. ಪರದೆಗೆ ಅಳತೆ ಕೊಡಲು ಬಂದವರಿಗೆಲ್ಲ ಅವಳು ರಾಣಿಯ ಕಥೆ ಹೇಳುವಳು, ಮೇಲಿಂದ ತನ್ನದೂ ಒಂದಿಷ್ಟು ಕುಚ್ಚು ಕಟ್ಟುವಳು. ಕಥೆ ಹುಟ್ಟಿದ್ದು ತನ್ನ ಮನೆಯಲ್ಲೇ ಎಂದು ಅವಳಿಗೆ ಗೊತ್ತಿರಲಿಲ್ಲ. ಹೇಳಿದರೆ ಮನೆಯಲ್ಲಿ ರಣರಂಗವಾದೀತೆಂದು ನಾನೂ ತೆಪ್ಪಗಿದ್ದೆ.

ಈಗ ಯೋಚಿಸಿ, ಪ್ರವಾಸಕ್ಕೆ ಬರುವವರು ಯಾರು? ಗಂಡ ಹೆಂಡತಿ, ಇಲ್ಲವೇ ಅಪ್ಪ ಅಮ್ಮ ಮಕ್ಕಳು. ಅಪ್ಪ ಅಮ್ಮನೂ ಗಂಡ ಹೆಂಡತಿಯೇ ತಾನೆ! ಬುರುಜು ಹತ್ತಲು ಉಳಿದವರು ಪಾರಿವಾಳಗಳು ಮಾತ್ರ. ಅವೂ ಜೋಡಿಯಾಗಿಯೇ ಬರುತ್ತಿದ್ದವು, ಟಿಕೆಟ್ ಕೊಳ್ಳುತ್ತಿರಲಿಲ್ಲ.

ಕೊನೆಗೆ ಸ್ಮಾರಕಗಳ ಕಚೇರಿಯ ದೊಡ್ಡ ಸಾಹೇಬರು ಒಂದು ದಿನ ಬಂದು ಧೂಳು ಹಿಡಿದ ಮೆಟ್ಟಿಲನ್ನು ನೋಡಿದರು. "ಜನಾನೇ ಹತ್ತಲ್ಲ ಅಂದ್ರೆ ಈ ಬಾಗಿಲು ಯಾಕ್ರೀ ತೆಗೆದಿಡೋದು? ಈ ತಿಂಗಳು ನೋಡ್ತೀನಿ. ಆಮೇಲೆ ಬೀಗ. ನೀವು ಊರಾಚೆ ಉಗ್ರಾಣಕ್ಕೆ ಹೋಗಿ, ಅಲ್ಲಿ ಅಗೆದು ತೆಗೆದ ಮಡಕೆ ಚೂರು ತೊಳೆಯೋಕೆ ಜನ ಬೇಕು" ಎಂದರು. ನಾನು ಅಕ್ಕನ ಅಂಗಡಿಯ ಮೇಲಿನ ಕೋಣೆಯಲ್ಲಿ ಮಲಗುವವನು, ಅಕ್ಕನ ಕೈಯಡುಗೆ ಉಣ್ಣುವವನು. ಒಂಟಿ ಮನುಷ್ಯ. ಇಡೀ ದಿನ ಈ ಚೌಕದ ಗದ್ದಲ ಕೇಳುತ್ತ ಕೂತರೇ ನನಗೆ ಜೀವ ಇದ್ದಂತೆ. ಊರಾಚೆ ಮಡಕೆ ಚೂರುಗಳ ಜೊತೆ ಬದುಕುವುದನ್ನು ನೆನೆಸಿಕೊಂಡು ನಿಜಕ್ಕೂ ಹೆದರಿಬಿಟ್ಟೆ.

ಮಧ್ಯಾಹ್ನ ನೇರ ಭಾವನ ಕೋಣೆಗೆ ನುಗ್ಗಿದೆ. ಎರಡು ದಿಂಬಿನ ಮೇಲೆ ಬಲಗಾಲು ಚಾಚಿ ಮಲಗಿದ್ದರು. ನನ್ನನ್ನು ಕಂಡದ್ದೇ ಕಾಲು ಸರಕ್ಕನೆ ಕೆಳಗಿಳಿಯಿತು.

"ಭಾವ, ನಿಮ್ಮ ಸುಳ್ಳು ನನ್ನ ಅನ್ನಕ್ಕೆ ಕಲ್ಲು ಹಾಕ್ತಿದೆ."

"ಸುಳ್ಳು ಅನ್ಬೇಡ್ವೋ. ಐತಿಹ್ಯ ಅನ್ನು."

"ಐತಿಹ್ಯಕ್ಕೆ ಎರಡು ವರ್ಷ ವಯಸ್ಸಾ? ಯಾಕೆ ಹೇಳಿದ್ರಿ ಅದನ್ನ?"

ಅವರು ದಿಂಬುಗಳನ್ನು ಗೋಡೆಯ ಕಡೆ ಸರಿಸಿದರು. ಆದರೆ ವಿಷಯವೆಲ್ಲ ಕೇಳಿದ ಮೇಲೆ ಮುಖ ಸಣ್ಣದಾಯಿತು. ಒಳ್ಳೆಯ ಮನುಷ್ಯ, ಮರುದಿನದಿಂದಲೇ ತಾನು ಕಟ್ಟಿದ್ದನ್ನು ತಾನೇ ಕೆಡವಲು ಹೊರಟರು. ಬುರುಜಿನ ಬುಡದಲ್ಲಿ ನಿಂತು, "ಜೋಡಿ ಹತ್ತಬಾರದು ಅನ್ನೋದೆಲ್ಲ ಶುದ್ಧ ಸುಳ್ಳು, ಧೈರ್ಯವಾಗಿ ಹತ್ತಿ" ಎಂದರು. ಅತಿಥಿಗಳು ಒಬ್ಬರಿಗೊಬ್ಬರು ಕಣ್ಣು ಹೊಡೆದರು. "ಟಿಕೆಟಿನವನು ಇವರ ಬಾಮೈದನಂತೆ" ಎಂದು ಯಾರೋ ಆಗಲೇ ಊದಿದ್ದರು. ಬೇರೆ ಗೈಡುಗಳಂತೂ ಊರಿನ ಪುರಾತನ ನಂಬಿಕೆಗೆ ಅವಮಾನ ಮಾಡುತ್ತೀರಾ ಎಂದು ಭಾವನ ಮೇಲೇ ಬಿದ್ದರು. ಆಯುಷ್ಯದಲ್ಲಿ ಮೊದಲ ಸಲ ನಿಜ ಹೇಳಿ ಭಾವ ಬೈಸಿಕೊಂಡರು.

ಇನ್ನು ಉಳಿದದ್ದು ಒಂದೇ ದಾರಿ. ಭಾವ ತಮ್ಮ ಹೆಂಡತಿಯ ಜೊತೆ ಎಲ್ಲರೆದುರು ಬುರುಜು ಹತ್ತಿ, ನಗುನಗುತ್ತ ಇಳಿದು ತೋರಿಸಬೇಕು. ನಾನು ಹೇಳಿದಾಗ ಭಾವ ಯಾಕೋ ಬಿಳಿಚಿಕೊಂಡರು. ಅಕ್ಕನಂತೂ ಕತ್ತರಿ ಕೆಳಗಿಟ್ಟು ಕೂತುಬಿಟ್ಟಳು.

"ನಾನು ಬರಲ್ಲಪ್ಪ. ಇವರ ಜೊತೆ ಇಷ್ಟು ವರ್ಷ ನೆಟ್ಟಗೆ ಬಾಳಿದ್ದೇ ದೊಡ್ಡದು. ಈ ವಯಸ್ಸಲ್ಲಿ ಅದನ್ನ ಹತ್ತಿ, ಇರೋ ಒಬ್ಬ ಗಂಡನ್ನೂ ಕಳ್ಕೊಳ್ಳಲಾ?"

"ಅಕ್ಕ, ನಾನು ಉಗ್ರಾಣಕ್ಕೆ ಹೋಗ್ತೀನಿ ಹಾಗಾದ್ರೆ."

ಅವಳು ನನ್ನ ಮುಖ ನೋಡಿದಳು, ಗಂಡನ ಮುಖ ನೋಡಿದಳು, ಕೊನೆಗೆ "ಯಾವತ್ತು?" ಎಂದಳು.

ಆ ದಿನ ಭಾವನ ಅತಿಥಿಗಳಾಗಿ ಬಂದಿದ್ದವರು ಒಬ್ಬ ಹಲ್ಲಿನ ಡಾಕ್ಟರು ಮತ್ತು ಅವರ ಹೆಂಡತಿ. ಡಾಕ್ಟರು ಮಾತಾಡುತ್ತಿದ್ದರು, ಹೆಂಡತಿ ತಲೆಯಾಡಿಸುತ್ತಿದ್ದರು. ಸುದ್ದಿ ತಿಳಿದು ಚೌಕದಲ್ಲಿ ಜನ ಸೇರಿತ್ತು. ಬೇರೆ ಗೈಡುಗಳು ತಮ್ಮ ತಮ್ಮ ಅತಿಥಿಗಳ ಸಮೇತ ಬಂದಿದ್ದರು. ನಾನು ಕೈಕಾಲು ಹಿಡಿದು ಕರೆಸಿದ ದೊಡ್ಡ ಸಾಹೇಬರೂ ಇದ್ದರು. ಅಕ್ಕ ಒಳ್ಳೆಯ ಸೀರೆ ಉಟ್ಟು, ಮುಖ ಗಂಟಿಕ್ಕಿಕೊಂಡು ಬಂದಳು. ಭಾವ ಕೊಡೆ ಎತ್ತಿ ಹಿಡಿದು ಒಳಗೆ ಹೋದರು, ಅವರ ಹಿಂದೆ ಅವಳು.

ಸ್ವಲ್ಪ ಹೊತ್ತು ಹೆಜ್ಜೆ ಸಪ್ಪಳ ಮಾತ್ರ ಕೇಳಿತು. ಆಮೇಲೆ ಅದೂ ನಿಧಾನವಾಯಿತು. ಮತ್ತೆ ನಡೆಯಿತು, ಮತ್ತೆ ನಿಂತಿತು. ಅಂತೂ ಇಂತೂ ತುದಿ ಮುಟ್ಟಿದರು. ತುದಿಯ ಅಡ್ಡಗೋಡೆಯ ಮೇಲೆ ಇಬ್ಬರ ತಲೆ ಕಂಡಿತು. ಜನ ಚಪ್ಪಾಳೆ ತಟ್ಟಿದರು. ಮರುಕ್ಷಣವೇ ಭಾವನ ತಲೆ ಮಾಯವಾಯಿತು. ಕೂತುಬಿಟ್ಟಿದ್ದರು.

"ಏನ್ರೀ ಇದು ಮಂಡಿ! ಕುಂಬಳಕಾಯಿ ಆಗಿದೆಯಲ್ರೀ!" ಅಕ್ಕನ ದನಿ ಮೆಟ್ಟಿಲಿಳಿದು ಬಾಗಿಲಿಂದ ಹೊರಗೆ ಬಂತು. ಚೌಕ ಗಪ್‌ಚಿಪ್.

"ಮೆಲ್ಲಗೆ ಮಾತಾಡೇ."

"ಯಾವಾಗಿಂದ ಹೀಗೆ?"

"ಎರಡು ವರ್ಷ ಆಯ್ತು."

"ಎರಡು ವರ್ಷ!" ಎಂದಳು. ಪರದೆ ಹೊಲಿಯುವವಳ ಲೆಕ್ಕಾಚಾರ. ತುಂಡಿಗೆ ತುಂಡು ಜೋಡಿಸಲು ಅವಳಿಗೆ ಹೆಚ್ಚು ಹೊತ್ತು ಬೇಡ. "ಅಂದ್ರೆ... ಆ ರಾಣಿ, ಆ ಚಪ್ಪಲಿ, ಎಲ್ಲ ನೀವು ಕಟ್ಟಿದ್ದಾ? ಹತ್ತೋಕಾಗಲ್ಲ ಅಂತ?"

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ಭಾವ ಅದಕ್ಕಿಂತ ಒಂದು ಕೈ ಮೇಲು; ಹತ್ತಲಾರದೆ ಬುರುಜಿಗೇ ಶಾಪ ಅಂಟಿಸಿದ್ದರು. ಎರಡು ವರ್ಷ ಅವರನ್ನು ಮನಸಾರೆ ಬೈದುಕೊಂಡ ನನಗೆ, ದಿಂಬಿನ ಮೇಲಿನ ಆ ಕಾಲು ಆಗ ನೆನಪಾಯಿತು.

"ನಾನು ಬಂದ ಗಿರಾಕಿಗಳಿಗೆಲ್ಲ ಹೇಳಿದ್ನಲ್ರೀ! ಪರದೆಗೆ ಅಳತೆ ಕೊಡೋಕೆ ಬಂದ ಹೊಸ ಮದುವಣಗಿತ್ತಿಗೂ ಹೇಳಿ ಅಳಿಸಿದ್ನಲ್ಲ! ಮಂಡಿ ನೋವು ಅಂತ ನಂಗೊಂದು ಮಾತು ಹೇಳೋಕೆ ಬಾಯಿ ಬರ್ಲಿಲ್ಲ, ಸತ್ತ ರಾಣಿ ಮೇಲೆ ಹೇಳೋಕೆ ಬಂತಾ?"

"ಹೇಳಿದ್ರೆ ಕೆಲ್ಸ ಬಿಡಿ ಅಂತಿದ್ದೆ ನೀನು."

"ಹೌದು, ಅಂತಿದ್ದೆ!"

"ಬಿಟ್ಟು ಏನು ಮಾಡ್ಲೇ? ಊರೇ ಅರ್ಧ ದಿನ ಅನ್ನುತ್ತೆ ನನ್ನ. ಮನೇಲಿ ಕೂತ್ರೆ ಆ ಅರ್ಧವೂ ಇಲ್ಲ."

"ಉಳಿದರ್ಧ ದಿನ ನೀವು ಯಾರ ಜೊತೆ ಇದ್ರಿ? ಅದು ಲೆಕ್ಕಕ್ಕಿಲ್ವಾ? ನಾನು ಲೆಕ್ಕಕ್ಕಿಲ್ವಾ?" ಎಂದು ಅಕ್ಕ ಕೂಗಿದ ರಭಸಕ್ಕೆ ಪಾರಿವಾಳಗಳೆಲ್ಲ ಎದ್ದವು. ಮರುಗಳಿಗೆ ಮೇಲಿಂದ ಏನೋ ಹಾರಿ ಬಂತು. ಭಾವನ ಕೊಡೆ. ಇಷ್ಟು ವರ್ಷ ಬಿಚ್ಚದಿದ್ದದ್ದು ಗಾಳಿಯಲ್ಲಿ ಫಟ್ಟೆಂದು ಬಿಚ್ಚಿಕೊಂಡು, ತೇಲಾಡುತ್ತ, ದೊಡ್ಡ ಸಾಹೇಬರ ಕಾಲ ಬುಡದಲ್ಲಿ ಕೂತಿತು. ಒಳಗಡೆ ನಾಲ್ಕೈದು ತೂತುಗಳಿದ್ದವು.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರಲ್ಲ, ಆ ಕೂಸು ನಾನು. ಮುಗಿಯಿತು ಕಥೆ, ಮಡಕೆ ಚೂರೇ ಗತಿ ಎಂದು ಹಣೆಗೆ ಕೈ ಹಚ್ಚಿ ಕೂತೆ.

ಆದರೆ ಚೌಕದ ಜನರ ಮುಖದಲ್ಲಿ ಭಯವಿರಲಿಲ್ಲ. ಹಬ್ಬದ ಕಳೆಯಿತ್ತು! ಕಥೆ ಸುಳ್ಳೆಂದು ಕಥೆ ಕಟ್ಟಿದವರೇ ಮೇಲೆ ಕೂತು ಒಪ್ಪಿಕೊಂಡದ್ದು ಎಲ್ಲರಿಗೂ ಕೇಳಿತ್ತು. ಆದರೇನು, ಕಣ್ಣೆದುರೇ ಒಂದು ಜೋಡಿ ಹತ್ತಿದೆ, ಜಗಳವಾಡಿದೆ, ಇನ್ನೇನು ಸಾಕ್ಷಿ ಬೇಕು? "ನಿಜ ಕಣ್ರೀ, ನಿಜ!" ಎಂದು ಗೈಡುಗಳು ಕುಣಿದರು. ಅಷ್ಟರಲ್ಲಿ ಬೆಳಿಗ್ಗೆಯಿಂದ ತಲೆಯಾಡಿಸುತ್ತಿದ್ದ ಡಾಕ್ಟರ ಹೆಂಡತಿ ನನ್ನ ಕಿಟಕಿಗೆ ಬಂದರು.

"ಎರಡು ಟಿಕೆಟ್ ಕೊಡಿ."

"ಅಮ್ಮ, ಜಗಳ ಆಗುತ್ತೆ" ಎಂದೆ, ಬಾಯಿ ತಪ್ಪಿ.

"ಅದಕ್ಕೇ ಕೇಳ್ತಿರೋದು. ಮನೇಲಿ ಇವರು ಮಾತಾಡೋಕೆ ಬಿಟ್ರೆ ತಾನೆ?" ಎಂದು ಗಂಡನ ತೋಳು ಹಿಡಿದು ಒಳಗೆ ನಡೆದರು. ಡಾಕ್ಟರ ಬಾಯಿ ಮೊದಲ ಸಲ ಮುಚ್ಚಿತ್ತು. ಅವರ ಹಿಂದೆ ಇನ್ನೊಂದು ಜೋಡಿ, ಅದರ ಹಿಂದೆ ಮತ್ತೊಂದು ಬಂದು ನಿಂತವು. ಅಕ್ಕ ಭಾವ ಇಳಿದ ಮೇಲೇ ಬಿಡುತ್ತೇನೆಂದು ಅವರನ್ನೆಲ್ಲ ಬಾಗಿಲಲ್ಲೇ ತಡೆದೆ. ಸಾಹೇಬರು ಕೊಡೆ ಮಡಚಿ ನನ್ನ ಕೈಗೆ ಕೊಟ್ಟು, ಬೀಗದ ಮಾತೆತ್ತದೆ, ಹೆಂಡತಿಗೆ ಫೋನು ಮಾಡಿ ಸಂಜೆ ಬಿಡುವಿದೆಯೇ ಎಂದು ಕೇಳುತ್ತ ಹೋದರು.

ಅವರಿಬ್ಬರೂ ಇಳಿಯಲು ಬಹಳ ಹೊತ್ತು ಹಿಡಿಯಿತು. ಅಕ್ಕ ಮುಂದೆ, ಅವಳ ಎರಡೂ ಹೆಗಲ ಮೇಲೆ ಕೈಯಿಟ್ಟು ಭಾವ ಹಿಂದೆ. "ಜಾರಿದ್ರೆ ನನ್ನ ಮೇಲೇ ಬೀಳಿ" ಎಂದು ಅವಳು ಬೈಯುತ್ತಿದ್ದುದು ಚೌಕಕ್ಕೆಲ್ಲ ಕೇಳುತ್ತಿತ್ತು. ಕಣ್ಣು ಕೆಂಪಾಗಿದ್ದವು, ಇಬ್ಬರವೂ.

ಭಾವ ಕೆಲಸ ಬಿಡಲಿಲ್ಲ. ಅಕ್ಕನೇ ಬಿಡಿಸಲಿಲ್ಲ. ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು, ಹಲ್ಲಿನವರಲ್ಲ, ಮೂಳೆಯವರು. ಮಧ್ಯಾಹ್ನದ ಹೊತ್ತಿಗೆ ಅಂಗಡಿ ಮುಚ್ಚಿ ಅವಳು ಚೌಕಕ್ಕೆ ಬರುತ್ತಾಳೆ; ಭಾವ ನನ್ನ ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂರುತ್ತಾರೆ, ಅವಳು ಅತಿಥಿಗಳನ್ನು ಮೇಲೆ ಹತ್ತಿಸುತ್ತಾಳೆ. ಶಿಕ್ಷೆಯೆಂದು ಅವಳು ಒಂದೇ ಒಂದು ಕೊಟ್ಟಿದ್ದಾಳೆ. ಪರದೆಯ ಬಟ್ಟೆಯಲ್ಲಿ ದೊಡ್ಡ ದೊಡ್ಡ ಕೆಂಪು ಹೂವಿನ ಮಂಡಿಪಟ್ಟಿ ಹೊಲಿದು, ಪ್ಯಾಂಟಿನ ಮೇಲೆ ಎಲ್ಲರಿಗೂ ಕಾಣುವಂತೆ ಕಟ್ಟಿಕೊಳ್ಳಬೇಕೆಂದಿದ್ದಾಳೆ. ಇನ್ನು ಮುಚ್ಚಿಡುವಂತಿಲ್ಲ.

ಆದರೆ ಹುಟ್ಟುಗುಣ ಸುಟ್ಟರೂ ಹೋಗದು. ಕೆಳಗೆ ಉಳಿದ ಅತಿಥಿಗಳು ಯಾರಾದರೂ ಹೂವಿನ ಪಟ್ಟಿ ನೋಡಿ ಏನಿದು ಎಂದು ಕೇಳಿದರೆ ಸಾಕು, ಭಾವನ ದನಿ ತಗ್ಗುತ್ತದೆ. "ಇದಾ? ಇದು ಹಿಂದೆ ಅರಮನೆ ಕಾವಲಿನವರು ಕಟ್ತಿದ್ದ ಲಾಂಛನ. ಈಗ ಈ ಊರಲ್ಲಿ ಉಳಿದಿರೋದು..."

"ಪರದೆ ಬಟ್ಟೆ ಅದು!" ಎಂದು ಬುರುಜಿನ ತುದಿಯಿಂದ ಅಕ್ಕನ ದನಿ ಬಂದು ಬೀಳುತ್ತದೆ. "ನಾನೇ ಹೊಲಿದಿದ್ದು!"

ಜನ ಗೊಳ್ಳೆಂದು ನಗುತ್ತಾರೆ. ಭಾವ ಮಂಡಿಯನ್ನು ಒಮ್ಮೆ ಸವರಿಕೊಂಡು, "ಹೌದು. ಅವಳೇ ಹೊಲಿದಿದ್ದು" ಎನ್ನುತ್ತಾರೆ. ಸುರುಳಿ ಮೆಟ್ಟಿಲಿನ ಸಂಗತಿಯಾದ ಮೇಲೆ, ಇಡೀ ಅರ್ಧ ದಿನದಲ್ಲಿ ಅವರು ಅತಿಥಿಗಳಿಗೆ ಹೇಳುವ ಎರಡನೆಯ ನಿಜ ಅದು, ಮತ್ತು ಅದನ್ನು ಹೇಳುವಾಗ ಅವರ ಮುಖ ನೋಡಬೇಕು ನೀವು.